ಪದತ್ಯಾಗ ಮತ್ತು ನ್ಯಾಯಪೀಠ



ಸಾರ್ವಜನಿಕ ಸೇವೆಯಲ್ಲಿರತಕ್ಕ ಒಬ್ಬನು ತನ್ನ ಹುದ್ದೆಯನ್ನು ತಾನಾಗಿಯೇ ಬಿಟ್ಟು ಹೊರಡುವುದಕ್ಕೆ ಕಾರಣಗಳು ಹಲವು ಇರಬಹುದು. ದೇಹಾಲಸ್ಯ, ಸಂಸಾರದ ತೊಡಕು, ಹೆಚ್ಚು ಲಾಭವುಳ್ಳ ಬೇರೊಂದು ವೃತ್ತಿಯ ಆಕರ್ಷಣೆ, ಮೇಲಧಿಕಾರಿಯೊಡನೆ ಮನಸ್ತಾಪ, ಇವೆಲ್ಲವೂ ಲೋಕದಲ್ಲಿ ದಿನವೂ ಕಾಣತಕ್ಕ ಸಂಗತಿಗಳು. ಇವುಗಳಲ್ಲಿ ನಿಂದ್ಯವಾದದ್ದು ಏನೂ ಇಲ್ಲ, ಉಪನ್ಯಾಸಕ್ಕೆ ವಸ್ತುವಾಗತಕ್ಕದ್ದೂ ಏನೂ ಇಲ್ಲ. ಆದರೆ ಹುದ್ದೆಯು ಕೈಯಲ್ಲಿರುವಾಗ, ಅದರ ಗೌರವವೂ ಸಂಬಳವೂ ಕುಂದಿಲ್ಲದೆ ದೊರೆಯುತ್ತಿರುವಾಗ, ಬಿಡೆಂದು ಯಾರೂ ಹೇಳದಿರುವಾಗ, ಈ ಸ್ಥಾನದಲ್ಲಿ ನಾನು ಇನ್ನೊಂದು ದಿನ ಕುಳಿತರೂ ಇದನ್ನು ನನಗೆ ಒಪ್ಪಿಸಿದ ಜನರನ್ನು ವಂಚಿಸಿದಂತಾಗುವುದೆಂದು ಬಗೆದು ಒಬ್ಬನು ಎದ್ದು ಬಂದನಾದರೆ, ಆ ಕೃತ್ಯವು ಅವನ ಸ್ವಂತ ವ್ಯವಹಾರವಾಗಿ ಉಳಿಯದು. ಅದು ರಾಜ್ಯವ್ಯವಸ್ಥೆಯನ್ನು ಕುರಿತ ಒಂದು ಸಾಕ್ಷ್ಯವಾಗುತ್ತದೆ. ಸಾಕ್ಷ್ಯವಾದ ಮೇಲೆ ಅದನ್ನು ಪರಿಶೀಲಿಸುವ ಹಕ್ಕೂ ಹೊಣೆಯೂ ನಮಗೆಲ್ಲರಿಗೂ ಬರುತ್ತವೆ.

ಅಂಥ ಪರಿಶೀಲನೆಗೆ ನಾನು ಇಂದು ಆರಿಸಿಕೊಂಡಿರುವುದು 1973ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ಸಂಭವಿಸಿದ ಪ್ರಸಂಗವನ್ನು. ಆ ವಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಹಿಂದಿಕ್ಕಿ ನಾಲ್ಕನೆಯವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಲಾಯಿತು. ಆ ಮೂವರೂ ರಾಜೀನಾಮೆಯನ್ನಿತ್ತರು. ಅವರಲ್ಲೊಬ್ಬರು ನಮ್ಮ ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆಯವರು. ನಾಡಿನವರೆಂಬ ಅಭಿಮಾನ ನನಗಿಲ್ಲದಿಲ್ಲವಾದರೂ, ಈ ಪ್ರಸಂಗವನ್ನು ಎತ್ತಿಕೊಳ್ಳಲು ಮುಖ್ಯ ಕಾರಣ ಅದಲ್ಲ. ತನಗೆ ಯಾವ ನಷ್ಟವೂ ಆಗದೆ ಪರರ ಅನ್ಯಾಯಕ್ಕಾಗಿ ಹುದ್ದೆ ಬಿಟ್ಟವನ ತತ್ತ್ವನಿಷ್ಠೆಯನ್ನು ಒಪ್ಪುವುದು ಸುಲಭ. ಇಲ್ಲಿಯಾದರೋ ಅನ್ಯಾಯಕ್ಕೆ ಗುರಿಯಾದವರೂ ರಾಜೀನಾಮೆಯನ್ನಿತ್ತವರೂ ಒಬ್ಬರೇ. ನೋವು ಅವರದು, ತತ್ತ್ವವೂ ಅವರದೇ ಎಂದಾಗ, ಎದ್ದು ಬಂದದ್ದು ಯಾವುದರಿಂದ ಎಂಬ ಪ್ರಶ್ನೆ ಬಿಡದೆ ಕಾಡುತ್ತದೆ. ಈ ಕ್ಲಿಷ್ಟವಾದ ಉದಾಹರಣೆಯಲ್ಲಿ ಪದತ್ಯಾಗದ ಧರ್ಮವು ನಿಲ್ಲುವುದಾದರೆ ಸರಳವಾದವುಗಳಲ್ಲಿ ನಿಂತೇ ನಿಲ್ಲುತ್ತದೆ.

ನಮ್ಮ ನಾಡಿನ ಹಳೆಯ ಸೇವಾಧರ್ಮದಲ್ಲಿ ಪದತ್ಯಾಗಕ್ಕೆ ಸ್ಥಳವೇ ಇರಲಿಲ್ಲವೆಂದರೆ ಬಹಳ ಅತಿಶಯವಾಗದು. ಒಡೆಯನ ಅನ್ನವನ್ನು ಉಂಡವನು ಸಮಯ ಬಂದಾಗ ಪ್ರಾಣವನ್ನು ತೆತ್ತು ಆ ಋಣವನ್ನು ತೀರಿಸತಕ್ಕದ್ದೆಂಬ ಜೋಳದ ಪಾಳಿಯ ನಿಷ್ಠೆಯನ್ನು ನಮ್ಮ ಹಳಗನ್ನಡದ ಕವಿಗಳು ಕೊಂಡಾಡಿದ್ದಾರೆ. ಊರೂರಿನ ವೀರಗಲ್ಲುಗಳು ಇಂದಿಗೂ ಅದನ್ನು ಸಾರುತ್ತಿವೆ. ಭಾರತದ ಭೀಷ್ಮನು ಈ ಧರ್ಮದ ಪರಮೋದಾಹರಣೆ. ಕೌರವನ ಪಕ್ಷವು ಅಧರ್ಮದ್ದೆಂದು ಬಲ್ಲವನಾಗಿಯೂ, ಆ ಮಾತನ್ನು ಸಭೆಯಲ್ಲಿ ಆಡಿದವನಾಗಿಯೂ, ಅರ್ಥಕ್ಕೆ ಕಟ್ಟುಬಿದ್ದವನು ತಾನೆಂದು ಒಪ್ಪಿಕೊಂಡು ಆ ಪಕ್ಷದ ಸೇನಾಧಿಪತ್ಯವನ್ನು ವಹಿಸಿದನು. ಇದಕ್ಕೆ ಎದುರಾಗಿ ನಿಲ್ಲುವವನು ವಿದುರ. ಕುಮಾರವ್ಯಾಸನ ಉದ್ಯೋಗಪರ್ವವನ್ನು ಓದಿದವರೆಲ್ಲರೂ ಅವನು ತನ್ನ ಬಿಲ್ಲನ್ನು ಮುರಿದ ಸಂದರ್ಭವನ್ನು ಬಲ್ಲರು. ಹಸ್ತಿನಾವತಿಯ ಆಸ್ಥಾನದಲ್ಲಿ ಅದಕ್ಕೆ ಮೊದಲು ಎಷ್ಟೋ ಅಧರ್ಮಗಳು ನಡೆದುಹೋಗಿದ್ದವು; ಅವನು ಪ್ರತಿಭಟಿಸಿದ್ದನು, ಬುದ್ಧಿ ಹೇಳಿದ್ದನು, ಬಿಲ್ಲನ್ನು ಮುರಿದಿರಲಿಲ್ಲ. ಮುರಿದದ್ದು ಕೃಷ್ಣನಿಗೆ ಆತಿಥ್ಯವಿತ್ತ ತನ್ನನ್ನು ಕೌರವನು ಕುಲವನ್ನೆತ್ತಿ ಹಂಗಿಸಿದ ಗಳಿಗೆಯಲ್ಲಿ. ಹಾಗಾದರೆ ಅದು ಕೇವಲ ಅವಮಾನಿತನೊಬ್ಬನ ಕೋಪವೇ? ನಮ್ಮ ಜನ ಎಂದೂ ಹಾಗೆ ಭಾವಿಸಲಿಲ್ಲ. ಬಹುಕಾಲ ಸಹಿಸಿ ಬಂದ ಧರ್ಮಬುದ್ಧಿಗೆ ಸ್ವಂತದ ನೋವು ಒಂದು ಕ್ಷಣವನ್ನು ಒದಗಿಸಿಕೊಟ್ಟಿತಲ್ಲದೆ, ಕಾರಣವನ್ನು ಒದಗಿಸಲಿಲ್ಲವೆಂದು ತಿಳಿದರು. ನೋವು ಇದ್ದ ಮಾತ್ರಕ್ಕೆ ತತ್ತ್ವವು ಇಲ್ಲವಾಗದೆಂಬ ಈ ವಿವೇಕವು ಮುಂದಿನ ವಿಚಾರಕ್ಕೆ ನಮಗೆ ಬೇಕಾಗುತ್ತದೆ.

ಗಣರಾಜ್ಯವು ಬಂದ ಮೇಲೆ ಋಣವು ಉಳಿಯಿತು, ಒಡೆಯನು ಬದಲಾದನು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ತೆಗೆದುಕೊಳ್ಳತಕ್ಕ ಪ್ರಮಾಣವಚನವಿದೆ. ಭಯವಾಗಲಿ ಪಕ್ಷಪಾತವಾಗಲಿ ರಾಗದ್ವೇಷಗಳಾಗಲಿ ಇಲ್ಲದೆ ಕರ್ತವ್ಯವನ್ನು ನೆರವೇರಿಸುವೆನೆಂದೂ, ಸಂವಿಧಾನವನ್ನು ಎತ್ತಿಹಿಡಿಯುವೆನೆಂದೂ ಅವರು ಆಣೆಯಿಡುತ್ತಾರೆ. ನೇಮಿಸಿದ ಸರ್ಕಾರಕ್ಕೆ ನಿಷ್ಠನಾಗಿರುವೆನೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಅನ್ನವನ್ನು ಕೊಡತಕ್ಕದ್ದು ಬೊಕ್ಕಸವಾದರೂ, ಬೊಕ್ಕಸವು ಮಂತ್ರಿಮಂಡಲದ್ದಲ್ಲವಷ್ಟೆ.

ಆದರೂ ಎಲ್ಲ ಸೇವಕರ ಧರ್ಮವೂ ಒಂದೇ ತೆರನಲ್ಲ. ಸಚಿವಾಲಯದ ಅಧಿಕಾರಿಯು ಇತರರು ನಿಶ್ಚಯಿಸಿದ ನೀತಿಯನ್ನು ಕಾರ್ಯಗತ ಮಾಡತಕ್ಕವನು. ಕಡತದಲ್ಲಿ ತನ್ನ ಭಿನ್ನಾಭಿಪ್ರಾಯವನ್ನು ನಿರ್ಭಯವಾಗಿ ಬರೆಯುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯ. ಬರೆದ ಮೇಲೆ ಮಂತ್ರಿಯು ಬೇರೆಯಾಗಿ ನಿಶ್ಚಯಿಸಿದರೆ ಅದರ ಹೊಣೆಯನ್ನು ಶಾಸನಸಭೆಯ ಮುಂದೆ ಮಂತ್ರಿಯೇ ಹೊರುತ್ತಾನೆ. ಒಪ್ಪದ ಪ್ರತಿಯೊಂದು ನೀತಿಗೂ ರಾಜೀನಾಮೆಯನ್ನಿಡುವ ಅಧಿಕಾರಿವರ್ಗದಿಂದ ರಾಜ್ಯವು ನಡೆಯದು. ಜನರು ಚುನಾಯಿಸಿದವರ ಮೇಲೆ ಚುನಾಯಿತರಲ್ಲದವರು ಹಾಕುವ ಒತ್ತಡವಾಗಿ ಅದು ಪರಿಣಮಿಸುವ ಅಪಾಯವೂ ಉಂಟು. ಆದಕಾರಣ ಅಂಥವನ ಪದತ್ಯಾಗವು ಅತ್ಯಂತ ವಿರಳವಾಗಿರತಕ್ಕದ್ದು. ತನ್ನ ಕೈಯಿಂದಲೇ ಮಾಡಬೇಕಾದ ಕಾರ್ಯವು ಅಧರ್ಮವೆಂದು ಖಚಿತವಾದಾಗ, ಇಲ್ಲವೆ ಇಡೀ ಆಡಳಿತದ ದಿಕ್ಕನ್ನು ತಾನು ಪ್ರಾಮಾಣಿಕವಾಗಿ ನಡೆಸಲಾರೆನೆಂದು ಮನವರಿಕೆಯಾದಾಗ ಮಾತ್ರ ಅದು ಸಲ್ಲುತ್ತದೆ.

ಈ ಎರಡನೆಯ ಬಗೆಗೆ ನಮ್ಮ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿಯೇ ಪ್ರಸಿದ್ಧವಾದ ಉದಾಹರಣೆಯಿದೆ. 1912ರಿಂದ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ಆ ಪದವಿಯನ್ನು ಬಿಟ್ಟರು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರ ಸಮಾಜಗಳಿಗೆ ತಕ್ಕ ಪ್ರಾತಿನಿಧ್ಯ ದೊರೆಯಬೇಕೆಂಬ ಬೇಡಿಕೆಯು ಆ ವೇಳೆಗೆ ಬಲಗೊಂಡಿತ್ತು. 1917ರಲ್ಲಿ ಪ್ರಜಾಮಿತ್ರ ಮಂಡಳಿಯು ಸ್ಥಾಪಿತವಾಗಿತ್ತು. 1918ರಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದನ್ನೇ ನೌಕರಿಯ ಮಾನದಂಡವೆಂದು ನಂಬಿದ್ದ ದಿವಾನರಿಗೆ ಈ ದಾರಿಯು ಸಮ್ಮತವಾಗಲಿಲ್ಲ. ಸಮಿತಿಯ ವರದಿಯು ಬಂದು, 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದು ಸರಿಯಲ್ಲ: ನೀತಿಯ ಪ್ರಶ್ನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೇ ದೂರದರ್ಶಿಗಳು, ವಿದ್ಯೆಯ ಅವಕಾಶವೇ ಸಮನಾಗಿಲ್ಲದ ಸಮಾಜದಲ್ಲಿ ಅರ್ಹತೆಯ ಮಾತು ಅರ್ಧಸತ್ಯವೆಂಬುದನ್ನು ಅವರು ಕಂಡಿದ್ದರು. ಆದರೂ ದಿವಾನರ ಪದತ್ಯಾಗವನ್ನು ನಾನು ಗೌರವಿಸುತ್ತೇನೆ. ತಾನು ನಂಬದ ನೀತಿಯನ್ನು ಪದವಿಯಲ್ಲಿದ್ದುಕೊಂಡೇ ಒಳಗಿನಿಂದ ನಿಧಾನಗೊಳಿಸುವ, ಆಜ್ಞೆಯನ್ನು ಕಡತದಲ್ಲಿ ಮಲಗಿಸುವ ಸುಲಭ ಮಾರ್ಗವು ಅವರಿಗೆ ತೆರೆದಿತ್ತು. ಅದನ್ನು ಹಿಡಿಯದೆ, ನಂಬಿ ನಡೆಸಬಲ್ಲ ಬೇರೊಬ್ಬರಿಗೆ ಸ್ಥಳವನ್ನು ಬಿಟ್ಟುಕೊಟ್ಟರು. ಹೊರಗೆ ಬಂದು ಒಡೆಯರ ಮೇಲೆ ದೂರನ್ನು ಸಾರಲಿಲ್ಲ. 1923ರಲ್ಲಿ ಸಂಸ್ಥಾನವು ಕರೆದಾಗ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಹೊತ್ತರು. ಪದತ್ಯಾಗಕ್ಕೆ ಆಧಾರವಾದ ಅಭಿಪ್ರಾಯವು ಕಾಲಾನಂತರದಲ್ಲಿ ಸರಿಯೆಂದು ಸ್ಥಾಪಿತವಾಗಲೇಬೇಕೆಂಬ ನಿಯಮವಿಲ್ಲ. ಅದು ಪ್ರಾಮಾಣಿಕವಾಗಿರಬೇಕು, ಬಿಟ್ಟವನು ಅದರ ಬೆಲೆಯನ್ನು ತಾನೇ ತೆರಬೇಕು.

ಇನ್ನು ನ್ಯಾಯಾಧೀಶನ ವಿಚಾರ. ಇವನು ಇತರರ ನೀತಿಯನ್ನು ನಡೆಸತಕ್ಕವನಲ್ಲ. ಕಡತದಲ್ಲಿ ಆಕ್ಷೇಪವನ್ನು ಬರೆದು ಮೇಲಿನವರಿಗೆ ಒಪ್ಪಿಸತಕ್ಕವನೂ ಅಲ್ಲ. ಅವನ ಅಭಿಪ್ರಾಯವೇ ಆಜ್ಞೆ. ಒಪ್ಪದಿದ್ದರೆ ಭಿನ್ನ ತೀರ್ಪನ್ನು ಬರೆಯುವ ಸ್ವಾತಂತ್ರ್ಯವು ಅವನಿಗುಂಟು. ಹೀಗಿರುವಾಗ ಅವನು ರಾಜೀನಾಮೆಯನ್ನೇಕೆ ಕೊಡಬೇಕು? ಭಿನ್ನ ತೀರ್ಪಿಗೆ ಎಟುಕದ ಅನ್ಯಾಯವು ಯಾವುದು? ಇದಕ್ಕೆ ಉತ್ತರವನ್ನು ಕಾಣಬೇಕಾದರೆ 1973ರ ಘಟನೆಗಳ ಅನುಕ್ರಮವನ್ನು ನಾವು ನೋಡತಕ್ಕದ್ದು.

ಕಾಸರಗೋಡು ಸೀಮೆಯ ಎಡನೀರು ಮಠವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಪ್ರದೇಶದಲ್ಲಿದೆ. ಭಾಷಾವಾರು ವಿಂಗಡಣೆಯಲ್ಲಿ ಅದು ಕೇರಳಕ್ಕೆ ಸೇರಿತು. ಕೇರಳದ ಭೂಸುಧಾರಣಾ ಶಾಸನವು ಮಠದ ಭೂಮಿಯನ್ನು ಮುಟ್ಟಿತು. ಮಠಾಧಿಪತಿಗಳಾದ ಕೇಶವಾನಂದ ಭಾರತಿಯವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿಯನ್ನು ಸಲ್ಲಿಸಿದರು. ಒಂದು ಮಠದ ಜಮೀನಿನ ವ್ಯಾಜ್ಯವು ಮಧ್ಯೆ ಬಂದ ಸಂವಿಧಾನ ತಿದ್ದುಪಡಿಗಳ ಕಾರಣದಿಂದಾಗಿ ಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದೆಂಬ ಮಹಾಪ್ರಶ್ನೆಯಾಯಿತು. 13 ಮಂದಿ ನ್ಯಾಯಮೂರ್ತಿಗಳ ಪೀಠವು 68 ದಿನಗಳ ಕಾಲ ವಾದವನ್ನು ಕೇಳಿತು. 1973ರ ಏಪ್ರಿಲ್ 24ರಂದು ಹೊರಬಿದ್ದ ತೀರ್ಪಿನಲ್ಲಿ ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲಸ್ವರೂಪವನ್ನು ಕೆಡಿಸಲಾಗದು ಎಂಬುದು ಬಹುಮತದ ನಿರ್ಣಯ. ಶೇಲತ್ ಮತ್ತು ಗ್ರೋವರ್ ಅವರು ಜೊತೆಯಾಗಿ ಒಂದು ತೀರ್ಪನ್ನೂ, ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಇನ್ನೊಂದನ್ನೂ ಆ ಬಹುಮತದ ಪಕ್ಷದಲ್ಲಿ ಬರೆದಿದ್ದರು. ಸರ್ಕಾರವು ಈ ಮೊಕದ್ದಮೆಯಲ್ಲಿ ಸೋತದ್ದು ತಾತ್ತ್ವಿಕವಾಗಿ; ಅದು ಬಯಸಿದ್ದ ತಿದ್ದುಪಡಿಗಳು ಬಹುಪಾಲು ಎತ್ತಿಹಿಡಿಯಲ್ಪಟ್ಟವು. ಹಾಗಿದ್ದೂ ಮಿತಿಯೊಂದುಂಟೆಂಬ ಮಾತೇ ಅದಕ್ಕೆ ಸಹ್ಯವಾಗಲಿಲ್ಲ.

ಮುಖ್ಯ ನ್ಯಾಯಾಧೀಶ ಸಿಕ್ರಿಯವರ ನಿವೃತ್ತಿಯು ತೀರ್ಪಿನ ಬೆನ್ನಿಗೇ ಇತ್ತು. ಜ್ಯೇಷ್ಠತಾಕ್ರಮದಲ್ಲಿ ಅವರ ತರುವಾಯ ಶೇಲತ್, ಅನಂತರ ಹೆಗ್ಡೆ, ಅನಂತರ ಗ್ರೋವರ್, ನಾಲ್ಕನೆಯವರು ಎ. ಎನ್. ರೇ. ತೀರ್ಪು ಬಂದ ಮರುದಿನವೇ ರೇ ಅವರ ನೇಮಕವು ಪ್ರಕಟವಾಯಿತು. 26ರಂದು ಅವರು ಪ್ರಮಾಣವಚನವನ್ನು ಸ್ವೀಕರಿಸಿದರು. ರೇ ಅವರ ವಿದ್ವತ್ತನ್ನಾಗಲಿ ಯೋಗ್ಯತೆಯನ್ನಾಗಲಿ ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಕಡತದಲ್ಲಿರುವ ಸಂಗತಿಯನ್ನು ಯಾರು ಬೇಕಾದರೂ ನೋಡಬಹುದು. 1970ರ ಬ್ಯಾಂಕ್ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ 11 ಮಂದಿಯ ಪೀಠದಲ್ಲಿ ಸರ್ಕಾರದ ಪಕ್ಷಕ್ಕೆ ನಿಂತವರು ರೇ ಒಬ್ಬರೇ. ಅದೇ ವರ್ಷದ ರಾಜಧನದ ಮೊಕದ್ದಮೆಯಲ್ಲಿ ನಿಂತ ಇಬ್ಬರಲ್ಲಿ ಅವರೊಬ್ಬರು. ಕೇಶವಾನಂದ ಭಾರತಿ ಪ್ರಕರಣದ ಆರು ಮಂದಿಯಲ್ಲಿಯೂ ಅವರಿದ್ದರು. ಶೇಲತ್, ಹೆಗ್ಡೆ, ಗ್ರೋವರ್ ಮೂವರೂ ಈ ಮೂರು ಪೀಠಗಳಲ್ಲಿಯೂ ಕುಳಿತಿದ್ದರು, ಮೂರರಲ್ಲಿಯೂ ಸರ್ಕಾರಕ್ಕೆ ಪ್ರತಿಕೂಲವಾದ ಬಹುಮತದಲ್ಲಿದ್ದರು.

ಹೆಗ್ಡೆಯವರ ಜೀವನವೃತ್ತವನ್ನು ಇಲ್ಲಿ ಎರಡು ಮಾತುಗಳಲ್ಲಿ ಹೇಳುವುದು ಉಚಿತ. 1909ರ ಜೂನ್ 11ರಂದು ಕೌಡೂರಿನಲ್ಲಿ ಜನಿಸಿದವರು. ದಕ್ಷಿಣ ಕನ್ನಡದಲ್ಲಿ ವಕೀಲಿ ನಡೆಸಿ ಹೆಸರು ಮಾಡಿದವರು. 1952ರಿಂದ ಕಾಂಗ್ರೆಸ್ ಪಕ್ಷದ ಪರವಾಗಿ ರಾಜ್ಯಸಭೆಯ ಸದಸ್ಯರು. 1957ರಲ್ಲಿ ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1966ರಲ್ಲಿ ದೆಹಲಿ ಹೈಕೋರ್ಟು ಹೊಸದಾಗಿ ಸ್ಥಾಪಿತವಾದಾಗ ಅದರ ಪ್ರಥಮ ಮುಖ್ಯ ನ್ಯಾಯಾಧೀಶರಾದರು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದರು. ಆಳುವ ಪಕ್ಷದಿಂದಲೇ ಬಂದವರು ಆ ಪಕ್ಷದ ಸರ್ಕಾರದ ವಿರುದ್ಧ ನಿರ್ಭೀತರಾಗಿ ತೀರ್ಪನ್ನು ಬರೆದರೆಂಬುದನ್ನು ಗಮನಿಸತಕ್ಕದ್ದು.

ಸರ್ಕಾರದ ವಾದವನ್ನೂ ನ್ಯಾಯವಾಗಿ ಮುಂದಿಡಬೇಕು. ಮುಖ್ಯ ನ್ಯಾಯಾಧೀಶನನ್ನು ಜ್ಯೇಷ್ಠತೆಯಿಂದಲೇ ಆರಿಸತಕ್ಕದ್ದೆಂದು ಸಂವಿಧಾನದಲ್ಲಿ ಎಲ್ಲಿಯೂ ಬರೆದಿಲ್ಲ. 1958ರಲ್ಲಿ ಲಾ ಕಮಿಷನ್ ತನ್ನ ಹದಿನಾಲ್ಕನೆಯ ವರದಿಯಲ್ಲಿ, ಕೇವಲ ಜ್ಯೇಷ್ಠತೆಯು ಸಾಲದು, ಆಡಳಿತದಕ್ಷತೆಯೇ ಮೊದಲಾದ ಗುಣಗಳನ್ನೂ ನೋಡಬೇಕೆಂದು ಹೇಳಿತ್ತು. 1964ರಲ್ಲಿ ಅನಾರೋಗ್ಯದ ಕಾರಣದಿಂದ ಒಬ್ಬ ಹಿರಿಯ ನ್ಯಾಯಮೂರ್ತಿಯನ್ನು ಬಿಟ್ಟು ಗಜೇಂದ್ರಗಡ್ಕರ್ ಅವರನ್ನು ನೇಮಿಸಿದ ಪೂರ್ವನಿದರ್ಶನವೂ ಇತ್ತು. ಸಂಪುಟದ ಮಂತ್ರಿಗಳಾಗಿದ್ದ ಮೋಹನ ಕುಮಾರಮಂಗಲಂ ಅವರು ಲೋಕಸಭೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ನ್ಯಾಯಾಧೀಶನ ಜೀವನದೃಷ್ಟಿಯೇನು, ದೇಶದ ಸಾಮಾಜಿಕ ಪರಿವರ್ತನೆಯನ್ನು ಅವನು ಹೇಗೆ ಕಾಣುತ್ತಾನೆ ಎಂಬುದನ್ನು ಪರಿಗಣಿಸುವ ಅಧಿಕಾರವು ಸರ್ಕಾರಕ್ಕಿದೆಯೆಂದು ಪ್ರತಿಪಾದಿಸಿದರು. ಅವರು ಸ್ವತಃ ಉತ್ತಮ ನ್ಯಾಯವಾದಿಗಳು. ವಾದವನ್ನು ಮುಚ್ಚುಮರೆಯಿಲ್ಲದೆ ಆಡಿದರು. ಆ ಋಜುತ್ವಕ್ಕೆ ನಾವು ಕೃತಜ್ಞರಾಗಿರಬೇಕು, ಏಕೆಂದರೆ ವಿವಾದದ ಕೇಂದ್ರವು ಅದರಿಂದ ಸ್ಪಷ್ಟವಾಯಿತು.

ಲಾ ಕಮಿಷನ್ನಿನ ವರದಿಯ ಆಸರೆಯು ಈ ವಾದಕ್ಕೆ ದೊರೆಯದು. ಆ ಕಮಿಷನ್ನಿಗೆ ಅಧ್ಯಕ್ಷರಾಗಿದ್ದ ಸೆಟಲ್ವಾಡ್ ಅವರೇ 1973ರ ನೇಮಕವನ್ನು ಖಂಡಿಸಿದವರಲ್ಲಿ ಒಬ್ಬರು. ದಕ್ಷತೆಯನ್ನು ನೋಡಿ ಆರಿಸುವುದು ಒಂದು. ತೀರ್ಪನ್ನು ನೋಡಿ ಆರಿಸುವುದು ಇನ್ನೊಂದು. ನ್ಯಾಯಾಧೀಶನ ದೃಷ್ಟಿಯನ್ನು ಸರ್ಕಾರವು ಕಂಡುಹಿಡಿಯುವುದು ಎಲ್ಲಿಂದ? ಅವನು ಬರೆದ ತೀರ್ಪುಗಳಿಂದಲ್ಲದೆ ಬೇರೆಲ್ಲಿಂದಲೂ ಅಲ್ಲ. ಆ ತೀರ್ಪುಗಳಲ್ಲಿ ಬಹುಪಾಲು ದೊಡ್ಡ ವ್ಯಾಜ್ಯಗಳಿಗೆ ಸರ್ಕಾರವೇ ಒಬ್ಬ ಕಕ್ಷಿ. ತನ್ನ ಮೊಕದ್ದಮೆಯನ್ನು ತೀರ್ಮಾನಿಸಿದವನಿಗೆ ಬಡ್ತಿಯನ್ನು ಕೊಡುವ ಬಿಡುವ ಅಧಿಕಾರವನ್ನು ಆ ತೀರ್ಮಾನದ ಆಧಾರದ ಮೇಲೆಯೇ ಕಕ್ಷಿದಾರನು ಚಲಾಯಿಸುವುದಾದರೆ, ಅದು ದಾವೆ ಹೂಡಿದ ರೈತನೊಬ್ಬನು ಮುನ್ಸೀಫರ ಸಂಬಳವನ್ನು ತಾನೇ ನಿಗದಿ ಮಾಡಿದಂತೆ. ಜ್ಯೇಷ್ಠತೆಯ ಪರಿಪಾಠವು ಅತ್ಯುತ್ತಮನನ್ನು ಆರಿಸುತ್ತದೆಂದು ಅದನ್ನು ಬಲ್ಲವರಾರೂ ಹೇಳಲಾರರು. ಅದರ ಗುಣವಿರುವುದು ಬೇರೆಡೆಯಲ್ಲಿ: ಅದು ಆರಿಸುವುದೇ ಇಲ್ಲ. ಅದರ ಕೆಳಗೆ ನ್ಯಾಯಾಧೀಶನಿಗೆ ಆಶೆಗೂ ಎಡೆಯಿಲ್ಲ, ಭಯಕ್ಕೂ ಎಡೆಯಿಲ್ಲ. ಸರ್ಕಾರದ ವಿರುದ್ಧ ನ್ಯಾಯಾಲಯಕ್ಕೆ ಬಂದ ಬಡ ಅರ್ಜಿದಾರನಿಗೆ, ಪೀಠದಲ್ಲಿ ಕುಳಿತವನ ಭವಿಷ್ಯವು ಎದುರುಕಕ್ಷಿಯ ಕೈಯಲ್ಲಿಲ್ಲವೆಂಬ ಒಂದು ಭರವಸೆಯುಂಟು. ಆದಕಾರಣ ಈ ಪರಿಪಾಠವು ನ್ಯಾಯಾಧೀಶನ ಸ್ವತ್ತಲ್ಲ, ಅರ್ಜಿದಾರನ ಸ್ವತ್ತು. ಹೆಗ್ಡೆಯವರೂ ಅವರ ಸಂಗಡಿಗರೂ ಕಾಯಲು ಹೊರಟದ್ದು ತಮ್ಮದಲ್ಲದ ಒಂದು ಸ್ವತ್ತನ್ನೆಂದು ನಾನು ತಿಳಿಯುತ್ತೇನೆ.

ಭಿನ್ನ ತೀರ್ಪಿಗೆ ಎಟುಕದ ಅನ್ಯಾಯವು ಇದೇ. ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆಗೆ ನ್ಯಾಯಾಧೀಶನು ಪೀಠದಿಂದ ಉತ್ತರವನ್ನು ಕೊಡಬಲ್ಲನು. ತನ್ನ ಪೀಠದ ನೇಮಕದ ಮೇಲೆಯೇ ಬಂದ ಪ್ರಶ್ನೆಗೆ ಅಲ್ಲಿ ಕುಳಿತು ಉತ್ತರಿಸಲಾರನು. ಅವನ ಮೌನವನ್ನು ಜನರು ಸಮ್ಮತಿಯೆಂದು ಓದುವರು. ಮುಂದೆ ಅವನು ಸರ್ಕಾರದ ವಿರುದ್ಧ ಬರೆದರೆ ಸೇಡೆನ್ನುವರು, ಪರವಾಗಿ ಬರೆದರೆ ಅಂಜಿಕೆಯೆನ್ನುವರು. ಎರಡೂ ಸುಳ್ಳಾಗಿದ್ದರೂ ನ್ಯಾಯಾಲಯದ ಮೇಲಿನ ಶ್ರದ್ಧೆಯು ಎರಡರಿಂದಲೂ ಕ್ಷೀಣಿಸುವುದು.

ಈಗ ಸ್ವಾರ್ಥದ ಪ್ರಶ್ನೆಗೆ ಬರೋಣ. ನ್ಯಾಯಮೂರ್ತಿಗಳು 65ನೆಯ ವಯಸ್ಸಿಗೆ ನಿವೃತ್ತರಾಗತಕ್ಕವರಾದ್ದರಿಂದ ಈ ಲೆಕ್ಕವನ್ನು ಕಾಗದದ ಮೇಲೆ ಯಾರಾದರೂ ಹಾಕಬಹುದು. ಶೇಲತ್ ಅವರು ಅದೇ ಜುಲೈಯಲ್ಲಿ ನಿವೃತ್ತರಾಗುವವರಿದ್ದರು. ಅವರಿಗೆ ದೊರೆಯುತ್ತಿದ್ದದ್ದು ಮೂರು ತಿಂಗಳಿಗಿಂತ ಕಡಿಮೆ. ಹೆಗ್ಡೆಯವರ ಅವಧಿಯು 1974ರ ಜೂನ್‌ವರೆಗೆ. ಮುಖ್ಯ ಪದವಿಯು ಅವರಿಗೆ ಒಂದು ವರ್ಷವೂ ಇರುತ್ತಿರಲಿಲ್ಲ. ಈ ಇಬ್ಬರ ಮಟ್ಟಿಗೆ, ಬಿಟ್ಟದ್ದೇನು ಮಹಾ ಎಂದು ಅಂದಿನ ಟೀಕಾಕಾರರು ಕೇಳಿದ್ದುಂಟು. ಆದರೆ ಗ್ರೋವರ್ ಅವರನ್ನು ನೋಡಿ. ಅವರ ಸೇವೆಯು 1977ರ ಫೆಬ್ರವರಿಯವರೆಗೆ, ಎಂದರೆ ಹೆಚ್ಚುಕಡಿಮೆ ನಾಲ್ಕು ವರ್ಷ ಉಳಿದಿತ್ತು. ಇನ್ನೊಂದು ಸೂಕ್ಷ್ಮವೂ ಇದೆ. ರೇ ಅವರು ವಯಸ್ಸಿನಲ್ಲಿ ಗ್ರೋವರ್ ಅವರಿಗಿಂತ ಕೆಲವೇ ದಿನ ಹಿರಿಯರಾಗಿ 1977ರ ಜನವರಿಯಲ್ಲಿಯೇ ನಿವೃತ್ತರಾಗತಕ್ಕವರು. ಕ್ರಮವು ಮುರಿಯದಿದ್ದಿದ್ದರೆ ರೇ ಅವರಿಗೆ ಮುಖ್ಯ ಪದವಿಯು ಎಂದೆಂದಿಗೂ ಬರುತ್ತಿರಲಿಲ್ಲ. ಮೂವರನ್ನು ದಾಟಿದ್ದು ಏಕೆಂಬುದನ್ನು ಈ ಒಂದು ಲೆಕ್ಕವೇ ತಿಳಿಸುತ್ತದೆ. ಬಿಟ್ಟವರು ಮರಳಿ ವಕೀಲಿ ವೃತ್ತಿಗೆ ಹೋಗಿ ದ್ರವ್ಯವನ್ನು ಸಂಪಾದಿಸಬಹುದಾಗಿತ್ತೆಂದು ಭಾವಿಸುವಂತೆಯೂ ಇಲ್ಲ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಿದ್ದವನು ಭಾರತದ ಯಾವ ನ್ಯಾಯಾಲಯದಲ್ಲಿಯೂ ವಾದಿಸಕೂಡದೆಂದು ಸಂವಿಧಾನದ 124ನೆಯ ಅನುಚ್ಛೇದವು ವಿಧಿಸಿದೆ. ಅವರಿಗೆ ನೋವಾಗಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆಗಿಯೇ ಇತ್ತು. ಆದರೆ ನೋವನ್ನು ನುಂಗಿಕೊಂಡು ಪದವಿಯಲ್ಲಿ ಉಳಿಯುವುದರಲ್ಲಿಯೇ ಲಾಭವಿದ್ದಾಗ, ಬಿಟ್ಟು ಬಂದದ್ದನ್ನು ಸ್ವಾರ್ಥವೆನ್ನುವುದು ಸಲ್ಲದು.

ಇದಕ್ಕಿಂತ ಬಹಳ ಗಹನವಾದ ಆಕ್ಷೇಪವು ಬೇರೊಂದಿದೆ. ಅದನ್ನು ನಾನು ಸುಲಭವಾಗಿ ದಾಟಲಾರೆ. ನಿರ್ಭೀತರಾದ ಮೂವರು ಒಟ್ಟಿಗೆ ಎದ್ದು ಹೋದಾಗ, ಅವರ ಪೀಠಗಳನ್ನು ತುಂಬುವ ಅವಕಾಶವು ಯಾರ ವಿರುದ್ಧ ಅವರು ಪ್ರತಿಭಟಿಸಿದ್ದರೋ ಅವರಿಗೇ ದೊರೆಯಿತು. ಮುಂದೆ ಬಂದ ದಿನಗಳನ್ನು ನೆನೆದರೆ ಈ ಮಾತು ಹೃದಯವನ್ನು ಹಿಂಡುತ್ತದೆ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾಯಿತು. ಅದೇ ನವೆಂಬರಿನಲ್ಲಿ ಕೇಶವಾನಂದ ಭಾರತಿ ತೀರ್ಪನ್ನು ಪುನರ್ವಿಮರ್ಶಿಸಲು ಮುಖ್ಯ ನ್ಯಾಯಾಧೀಶ ರೇ ಅವರು 13 ಮಂದಿಯ ಪೀಠವನ್ನು ಕೂಡಿಸಿದರು; ಎರಡು ದಿನಗಳ ವಾದದ ತರುವಾಯ ಅದು ವಿಸರ್ಜಿತವಾಯಿತು. 1976ರ ಏಪ್ರಿಲ್ 28ರಂದು, ವಿಚಾರಣೆಯಿಲ್ಲದೆ ಸೆರೆಯಲ್ಲಿಡಲ್ಪಟ್ಟವನು ತುರ್ತುಪರಿಸ್ಥಿತಿಯ ಕಾಲದಲ್ಲಿ ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲನ್ನು ತಟ್ಟಲಾಗದೆಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ತೀರ್ಪಿತ್ತರು. ಆ ಐವರು ಅಂದಿನ ನ್ಯಾಯಾಲಯದ ಅತ್ಯಂತ ಹಿರಿಯ ಐವರೇ ಆಗಿದ್ದರು. ಗ್ರೋವರ್ ಅವರು 1973ರಲ್ಲಿ ಹೋಗದೆ ಇದ್ದಿದ್ದರೆ ಆ ಪೀಠದಲ್ಲಿ ಅವರಿಗೆ ಸ್ಥಾನವಿರುತ್ತಿತ್ತು, ಭಿನ್ನ ತೀರ್ಪಿತ್ತ ಐದನೆಯವರಾದ ಎಚ್. ಆರ್. ಖನ್ನಾ ಅವರು ಬಹುಶಃ ಒಂಟಿಯಾಗಿ ನಿಲ್ಲಬೇಕಾಗುತ್ತಿರಲಿಲ್ಲ. ಅಧರ್ಮದ ಸಭೆಯಿಂದ ವಿದುರನು ಎದ್ದು ಹೋದ ಮೇಲೆ ಉಳಿದ ಸಭೆಯಲ್ಲಿ ನುಡಿಯುವವರಾರು?

ಉಳಿದು ನುಡಿದವರ ಧರ್ಮವನ್ನೂ ಇಲ್ಲಿ ನೆನೆಯತಕ್ಕದ್ದು. ತುರ್ತುಪರಿಸ್ಥಿತಿಯ ಆರಂಭದಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರು ಬಂಧಿತರಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಅವರ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಂಡ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಡಿ. ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ ಎಂ. ಸದಾನಂದಸ್ವಾಮಿಯವರನ್ನು ಗೌಹಾಟಿಗೂ ವರ್ಗ ಮಾಡಲಾಯಿತು. ಅವರು ಪದವಿಯನ್ನು ಬಿಡಲಿಲ್ಲ. ಕಳುಹಿಸಿದಲ್ಲಿಗೆ ಹೋಗಿ ನ್ಯಾಯವನ್ನು ನಡೆಸಿದರು. ಖನ್ನಾ ಅವರೂ 1973ರಲ್ಲಿ ಬಹುಮತದ ಏಳು ಮಂದಿಯಲ್ಲಿ ಒಬ್ಬರು. ಅಂದು ಅವರು ಉಳಿದರು. ಉಳಿದದ್ದರಿಂದಲೇ 1976ರ ಭಿನ್ನ ತೀರ್ಪು ದೇಶಕ್ಕೆ ದೊರೆಯಿತು. ಅದು ತಮಗೆ ಮುಖ್ಯ ಪದವಿಯನ್ನು ಕಳೆಯುವುದೆಂದು ಅವರು ಮೊದಲೇ ಬಲ್ಲರೆಂದು ಅವರ ಆತ್ಮಕಥೆಯಿಂದ ತಿಳಿದುಬರುತ್ತದೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ, ಅವರಿಗೆ ಉಳಿದಿರುವ ಅವಧಿ ಕಡಿಮೆಯೆಂಬ ಕಾರಣವನ್ನು ಹೇಳಿ, ಕಿರಿಯರಾದ ಬೇಗ್ ಅವರನ್ನು ನೇಮಿಸಲಾಯಿತು. ಆಗ ಖನ್ನಾ ಅವರು ರಾಜೀನಾಮೆಯನ್ನಿತ್ತರು.

ಹಾಗಾದರೆ 1973ರ ಮೂವರು ತಪ್ಪಿದರೇ? ಬಹುಕಾಲ ಈ ಪ್ರಶ್ನೆಯನ್ನು ಚಿಂತಿಸಿ ನಾನು ಮುಟ್ಟಿರುವ ಅಭಿಪ್ರಾಯವು ಹೀಗಿದೆ. 1975 ಬರುವುದೆಂದು 1973ರಲ್ಲಿ ಯಾರೂ ಅರಿತಿರಲಿಲ್ಲ. ಅರಿಯದ ಭವಿಷ್ಯದಿಂದ ಅವರನ್ನು ಅಳೆಯುವುದು ನ್ಯಾಯವಲ್ಲ. ಅವರೆದುರಿಗೆ ಅಂದು ಇದ್ದದ್ದು ಒಂದು ಪರಿಪಾಠದ ಭಂಗ. ಪರಿಪಾಠಕ್ಕೆ ಲಿಖಿತವಾದ ರಕ್ಷಣೆಯಿಲ್ಲ. ಅದನ್ನು ಮುರಿದಾಗ ಯಾವ ನ್ಯಾಯಾಲಯದಲ್ಲಿಯೂ ಪರಿಹಾರವಿಲ್ಲ. ಮುರಿದದ್ದು ಮುರಿದದ್ದೆಂದು ಯಾರಾದರೂ ಕೇಳಿಸುವಂತೆ ಹೇಳದೆ ಹೋದರೆ, ಮುಂದಿನ ಸಲ ಮುರಿಯುವುದೇ ಪರಿಪಾಠವಾಗುತ್ತದೆ. ಮೂವರೂ ಸುಮ್ಮನೆ ಕೆಳಗೆ ಕುಳಿತಿದ್ದಿದ್ದರೆ 1973ರ ನೇಮಕವು ಒಂದು ಆಡಳಿತದ ಸುದ್ದಿಯಾಗಿ ಮರೆತುಹೋಗುತ್ತಿತ್ತು. ಅವರು ಎದ್ದುದರಿಂದ ದೇಶದ ವಕೀಲವರ್ಗವೆಲ್ಲ ಎಚ್ಚತ್ತಿತು, ಸಂಸತ್ತಿನಲ್ಲಿ ಚರ್ಚೆಯಾಯಿತು, ಪ್ರಶ್ನೆಯು ಜೀವಂತವಾಗಿ ಉಳಿಯಿತು. ಉಳಿಯುವುದೂ ಧರ್ಮ, ಏಳುವುದೂ ಧರ್ಮ. ಯಾವಾಗ ಯಾವುದೆಂಬುದನ್ನು ಸೂತ್ರವಾಗಿ ಬರೆದಿಡಲಾಗದು. ಮುಂದೆ ಮಾಡಬೇಕಾದ ಕೆಲಸವು ಉಳಿದರೆ ಸಾಧ್ಯವೇ, ಏಳುವುದರಿಂದ ಮಾತ್ರವೇ ಸಾಧ್ಯವೇ ಎಂಬುದನ್ನು ಪ್ರತಿಯೊಬ್ಬನೂ ತನ್ನ ಕಾಲದಲ್ಲಿ ತಾನೇ ತೂಗಬೇಕಾಗುತ್ತದೆ.

ಬಿಟ್ಟ ಮೇಲಿನ ನಡೆವಳಿಯ ವಿಷಯದಲ್ಲಿಯೂ ಒಂದು ಮಾತು ಇದೆ. ವಿಶ್ವೇಶ್ವರಯ್ಯನವರು ಮೌನವಾಗಿದ್ದರು; ಹೆಗ್ಡೆಯವರು ಮಾತಾಡಿದರು, ಸಭೆಗಳಲ್ಲಿ ತಮ್ಮ ಪಕ್ಷವನ್ನು ಮಂಡಿಸಿದರು. ಎರಡೂ ಅವರವರ ಸ್ಥಾನಕ್ಕೆ ತಕ್ಕದ್ದೇ. ದಿವಾನನು ಮಹಾರಾಜರ ಅಂತರಂಗದ ಸಲಹೆಗಾರ. ಅಂತರಂಗವನ್ನು ಬೀದಿಗೆ ತರುವುದು ಅವನಿಗೆ ಒಪ್ಪದು. ನ್ಯಾಯಾಧೀಶನು ಬಹಿರಂಗದಲ್ಲಿ ಕೆಲಸ ಮಾಡಿ, ಕಾರಣಗಳನ್ನು ಬರೆದು ಕೊಟ್ಟವನು. ತನ್ನ ಕೊನೆಯ ನಿರ್ಣಯಕ್ಕೂ ಅವನು ಕಾರಣವನ್ನು ಹೇಳತಕ್ಕದ್ದೇ ಸರಿ. ಆದರೆ ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತು ಗೆದ್ದರು. ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದ ಚುನಾವಣೆಯಲ್ಲಿ ಅವರ ಗೆಲುವು ಗಣ್ಯವಾದದ್ದು. ಅದೇ ಜುಲೈಯಲ್ಲಿ ಅವರು ಲೋಕಸಭೆಯ ಸ್ಪೀಕರ್ ಆದರು. ನಾನು ಅವರನ್ನು ಎಷ್ಟೇ ಗೌರವಿಸಿದರೂ, ಈ ಚುನಾವಣೆಯ ಹೆಜ್ಜೆಯನ್ನು ಅವರು ಇಡದಿದ್ದರೆ ಅವರ 1973ರ ಸಾಕ್ಷ್ಯವು ಇನ್ನೂ ನಿರ್ಮಲವಾಗಿ ಉಳಿಯುತ್ತಿತ್ತೆಂದು ಭಾವಿಸುತ್ತೇನೆ. ನಾಲ್ಕು ವರ್ಷಗಳ ಹಿಂದೆ ಬಿಟ್ಟದ್ದು ಇದಕ್ಕಾಗಿಯೇ ಎಂದು ಹೇಳುವವರಿಗೆ ಅದು ಒಂದು ಹಿಡಿಕೆಯನ್ನು ಕೊಟ್ಟಿತು. 1973ರಲ್ಲಿ 1977ನ್ನು ಕಂಡವರು ಯಾರೂ ಇರಲಿಲ್ಲವಾದ್ದರಿಂದ ಆ ದೂರು ಅನ್ಯಾಯದ್ದು; ಆದರೂ ಪದತ್ಯಾಗಿಯು ಅನ್ಯಾಯವಾದ ದೂರಿಗೂ ಎಡೆಗೊಡಬಾರದು.

ಆ ಮೂವರ ಪದತ್ಯಾಗದಿಂದ ಆದದ್ದೇನು ಎಂಬ ಪ್ರಶ್ನೆಗೆ ಉತ್ತರವು 1978ರ ಫೆಬ್ರವರಿಯಲ್ಲಿ ದೊರೆಯಿತು. ಬೇಗ್ ಅವರು ನಿವೃತ್ತರಾದಾಗ ಜ್ಯೇಷ್ಠತೆಯಲ್ಲಿ ಮುಂದಿನವರು ವೈ. ವಿ. ಚಂದ್ರಚೂಡ್. ಅವರು ಕೇಶವಾನಂದ ಭಾರತಿ ಪ್ರಕರಣದಲ್ಲಿ ಆರು ಮಂದಿಯ ಕಡೆಯಲ್ಲಿದ್ದರು. 1976ರ ಏಪ್ರಿಲ್‌ನಲ್ಲಿ ಖನ್ನಾ ಅವರಿಗೆ ಎದುರಾದ ನಾಲ್ವರಲ್ಲಿಯೂ ಇದ್ದರು. ತುರ್ತುಪರಿಸ್ಥಿತಿಯಲ್ಲಿ ಸೆರೆಮನೆಯನ್ನು ಕಂಡವರಿಂದ ಕೂಡಿದ ಹೊಸ ಜನತಾ ಸರ್ಕಾರವು ಅವರನ್ನು ದಾಟಬೇಕೆಂದು ಹಲವರು ಒತ್ತಾಯಿಸಿದರು. ನ್ಯಾಯಾಧೀಶನ ದೃಷ್ಟಿಯನ್ನು ನೋಡಿ ಆರಿಸಬೇಕೆಂಬ ಕುಮಾರಮಂಗಲಂ ಅವರ ಸಿದ್ಧಾಂತವು ಈಗ ಅದರ ವಿರೋಧಿಗಳ ಕೈಗೆ ಬಂದಿತ್ತು. ಸರ್ಕಾರವು ಆ ಒತ್ತಾಯಕ್ಕೆ ಮಣಿಯದೆ ಚಂದ್ರಚೂಡರನ್ನೇ ನೇಮಿಸಿತು. ಅಂದಿನಿಂದ ಇಂದಿನವರೆಗೆ ಭಾರತದ ಮುಖ್ಯ ನ್ಯಾಯಾಧೀಶರ ನೇಮಕದಲ್ಲಿ ಜ್ಯೇಷ್ಠತಾಕ್ರಮವು ಒಮ್ಮೆಯೂ ಮುರಿದಿಲ್ಲ.